ಘಟ್ಟ ಇಳಿದು ಕಡಲಿಗೆ: ಕೊಡಗಿನವರು ಬೀಚ್ ಆರಿಸಿಕೊಳ್ಳುವುದು ಹೇಗೆ

ಮಾರ್ಚ್ ಕೊನೆ. ರೋಬಸ್ಟಾ ಕೊಯ್ಲು ಮುಗಿದಿರುತ್ತದೆ. ಕಣದಲ್ಲಿದ್ದ ಕಾಫಿ ಮೂಟೆ ಸೇರಿರುತ್ತದೆ. ಮಕ್ಕಳ ಪರೀಕ್ಷೆಯೂ ಮುಗಿಯುತ್ತಾ ಬಂದಿರುತ್ತದೆ. ಆಗ ನಮ್ಮ ಮನೆಗಳಲ್ಲಿ ಒಂದೇ ಮಾತು: ಈ ಸಲ ಬೀಚಿಗೆ ಹೋಗೋಣ. ಯಾವ ಬೀಚ್ ಅಂತ ಕೇಳಿದರೆ ಒಬ್ಬರು ಕಣ್ಣೂರು ಅನ್ನುತ್ತಾರೆ, ಇನ್ನೊಬ್ಬರು ಪಣಂಬೂರು ಅನ್ನುತ್ತಾರೆ, ಮಕ್ಕಳು ಮೊಬೈಲಲ್ಲಿ ಒಂದು ಚೆಂದದ ಫೋಟೊ ತೋರಿಸುತ್ತಾರೆ. ಕೊನೆಗೆ ಯಾರ ಗಂಟಲು ಜೋರೋ ಅವರು ಹೇಳಿದ ಕಡೆಗೆ ಜೀಪು ತಿರುಗುತ್ತದೆ.

ನಮ್ಮ ಮನೆ ಮೂರ್ನಾಡಿನ ಹತ್ತಿರ. ಬಲಕ್ಕೆ ತಿರುಗಿದರೆ ಮಡಿಕೇರಿ, ಎಡಕ್ಕೆ ತಿರುಗಿದರೆ ವಿರಾಜಪೇಟೆ. ಹಾಗಾಗಿ ಎರಡು ಕಡೆಯ ಕಡಲಿಗೂ ವರ್ಷಗಳಿಂದ ಇಳಿದು ಹತ್ತಿದ್ದೇವೆ. ಕೆಲವು ಸಲ ತುಂಬಾ ಖುಷಿಯಿಂದ ಬಂದಿದ್ದೇವೆ. ಎರಡು ಸಲ ಜೀವ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ನನಗೆ ತಿಳಿದದ್ದು ಇಷ್ಟು: ಬೀಚನ್ನು ಫೋಟೊ ನೋಡಿ ಆರಿಸಬಾರದು. ಗಾಡಿಯಲ್ಲಿ ಯಾರು ಕೂತಿದ್ದಾರೆ, ಯಾವ ತಿಂಗಳು, ವಾಪಸ್ ಘಾಟಿ ಹತ್ತುವುದು ಎಷ್ಟು ಹೊತ್ತಿಗೆ, ಇವು ಮೂರನ್ನು ನೋಡಿ ಆರಿಸಬೇಕು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಘಾಟಿ ಆರಿಸಿ, ಆಮೇಲೆ ಬೀಚ್

ನಮ್ಮ ಕಾವೇರಿ ಹುಟ್ಟುವುದು ಅರಬ್ಬೀ ಸಮುದ್ರಕ್ಕೆ ಹತ್ತಿರದಲ್ಲೇ. ಆದರೂ ಅವಳು ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ಹೋಗುತ್ತಾಳೆ. ಪಶ್ಚಿಮಕ್ಕೆ ಹೋಗುವ ಹೊಳೆಗಳು ಬೇರೆ. ನಾವು ಕಡಲಿಗೆ ಇಳಿಯುವ ದಾರಿಗಳೂ ಹೆಚ್ಚುಕಮ್ಮಿ ಆ ಹೊಳೆಗಳ ದಾರಿಯೇ.

ಪಯಸ್ವಿನಿಯ ಜೊತೆ ಇಳಿದರೆ ಸಂಪಾಜೆ, ಸುಳ್ಯ. ಅಲ್ಲಿಂದ ಪುತ್ತೂರು, ಮಾಣಿ, ಬಿ.ಸಿ. ರೋಡ್ ದಾಟಿ ಮಂಗಳೂರು. ಮಡಿಕೇರಿಯಿಂದ ಸುಮಾರು 140 ಕಿಲೋಮೀಟರ್. ನಕ್ಷೆ ಮೂರೂವರೆ ಗಂಟೆ ತೋರಿಸಿದರೂ ತಿಂಡಿ, ವಾಂತಿ, ಟ್ರಾಫಿಕ್ ಎಲ್ಲಾ ಸೇರಿ ನಾಲ್ಕು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಸುಳ್ಯ ದಾಟಿದ ಮೇಲೆ ಜಾಲ್ಸೂರಿನಲ್ಲಿ ಎಡಕ್ಕೆ ತಿರುಗಿದರೆ ಮುಳ್ಳೇರಿಯ, ಚೆರ್ಕಳ ಮೇಲೆ ಕಾಸರಗೋಡು ಸಿಗುತ್ತದೆ. ಪಯಸ್ವಿನಿಯೂ ಆ ಕಡೆಗೇ ಹೋಗಿ ಚಂದ್ರಗಿರಿ ಅಂತ ಹೆಸರು ಬದಲಿಸಿ ಕಡಲು ಸೇರುತ್ತದೆ.

ಬಾರಾಪೊಳೆಯ ಕಡೆಗೆ ಇಳಿದರೆ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ. ಅಲ್ಲಿಂದ ಮಟ್ಟನ್ನೂರು ಮೇಲೆ ಕಣ್ಣೂರು ಅಥವಾ ತಲಶ್ಶೇರಿ. ವಿರಾಜಪೇಟೆಯಿಂದ 80-90 ಕಿಲೋಮೀಟರ್ ಒಳಗೆ ಕಡಲು. ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯವರಿಗೆ ಇದಕ್ಕಿಂತ ಹತ್ತಿರದ ಸಮುದ್ರ ಇಲ್ಲ. ಮಾಕುಟ್ಟದ ಕಾಡಿನ ದಾರಿಯಲ್ಲಿ ಅಂಗಡಿ, ಪೆಟ್ರೋಲ್ ಬಂಕ್ ಹುಡುಕುವ ಹಾಗಿಲ್ಲ. ವಿರಾಜಪೇಟೆಯಲ್ಲೇ ಎಲ್ಲಾ ಮುಗಿಸಿಕೊಂಡು ಹೊರಡಿ.

ಮೂರನೆಯದು ಭಾಗಮಂಡಲದಿಂದ ಕರಿಕೆ, ಪಾಣತ್ತೂರು ಮೇಲೆ ಕಾಞಂಗಾಡಿಗೆ ಇಳಿಯುವ ದಾರಿ. ಚೆಂದದ ದಾರಿ, ಆದರೆ ಕಿರಿದು, ತಿರುವು ಜಾಸ್ತಿ. ಗಾಡಿ ಓಡಿಸುವವರಿಗೆ ಘಾಟಿ ಅಭ್ಯಾಸ ಇದ್ದರೆ, ಹಗಲಲ್ಲಿ ಮಾತ್ರ. ಸೋಮವಾರಪೇಟೆ, ಶನಿವಾರಸಂತೆ ಕಡೆಯವರು ಬಿಸಿಲೆ ಅಥವಾ ಶಿರಾಡಿ ಘಾಟಿಯಲ್ಲಿ ಇಳಿಯುವುದುಂಟು. ಅವರಿಗೆ ಮಂಗಳೂರು, ಉಡುಪಿ ಕಡೆಯೇ ಸರಿ.

ಘಾಟಿ ಆರಿಸುವಾಗ ಮಳೆಯ ಮಾತು ಮರೆಯಬಾರದು. 2018ರ ಜೂನಲ್ಲಿ ಮಾಕುಟ್ಟದ ರಸ್ತೆ ಕುಸಿಯಿತು. ಅದೇ ವರ್ಷ ಆಗಸ್ಟಲ್ಲಿ ಮದೆನಾಡು, ಜೋಡುಪಾಲದ ಕಡೆ ಗುಡ್ಡ ಜಾರಿ ಸಂಪಾಜೆ ದಾರಿ ಮುಚ್ಚಿತು. ಅದನ್ನು ಕಂಡವರು ನಾವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಚ್ ಯೋಚನೆಯನ್ನೇ ಬಿಡಿ ಅಂತ ನಾನು ಹೇಳುತ್ತೇನೆ. ಅತ್ತ ಕಡಲೂ ಹುಚ್ಚು, ಇತ್ತ ಘಾಟಿಯೂ ನಂಬುವ ಹಾಗಿಲ್ಲ.

ಹೊತ್ತನ್ನು ಹಿಂದಿನಿಂದ ಲೆಕ್ಕ ಹಾಕಿ

ಎಲ್ಲರೂ ಹೊರಡುವ ಹೊತ್ತು ಲೆಕ್ಕ ಹಾಕುತ್ತಾರೆ. ನೀವು ಮನೆ ಸೇರುವ ಹೊತ್ತಿನಿಂದ ಶುರು ಮಾಡಿ.

ರಾತ್ರಿ ಒಂಬತ್ತಕ್ಕೆ ಮಡಿಕೇರಿಯಲ್ಲಿ ಇರಬೇಕು ಅಂದುಕೊಳ್ಳಿ. ನಾಲ್ಕು ಗಂಟೆ ದಾರಿ ಕಳೆಯಿರಿ, ಐದಾಯಿತು. ಸ್ನಾನ, ಬಟ್ಟೆ, ಕಾಫಿ ಅಂತ ಮುಕ್ಕಾಲು ಗಂಟೆ ಕಳೆಯಿರಿ. ಅಂದರೆ ನಾಲ್ಕೂ ಕಾಲಿಗೆ ನೀರಿನಿಂದ ಮೇಲೆ ಬರಬೇಕು. ಮಂಗಳೂರಿನಲ್ಲಿ ಡಿಸೆಂಬರ್ ಹೊತ್ತಿಗೆ ಸೂರ್ಯ ಮುಳುಗುವುದು ಆರು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ಮೇ ಕೊನೆಗೆ ಏಳರ ಹತ್ತಿರ. ಒಂದೇ ದಿನದಲ್ಲಿ ಹೋಗಿಬರುವ ಮಡಿಕೇರಿಯವರಿಗೆ ಮಂಗಳೂರಿನ ಸೂರ್ಯಾಸ್ತ ಸಿಗುವುದಿಲ್ಲ ಅಂತಲೇ ಲೆಕ್ಕ. ಸಿಗಬೇಕು ಅಂದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ಇಲ್ಲವಾದರೆ ಕಣ್ಣೂರು ಕಡೆ ಆರಿಸಿ. ಸೂರ್ಯ ಮುಳುಗಿದ ಮೇಲೆ ಹೊರಟರೂ ವಿರಾಜಪೇಟೆಯವರು ಒಂಬತ್ತು, ಒಂಬತ್ತೂವರೆಗೆ ಮನೆ ಸೇರಬಹುದು.

ಈ ಲೆಕ್ಕ ಹಾಕದೆ ಹೋದವರೇ ಕಡಲಲ್ಲಿ ಆಟ ಆಡಿ ಸುಸ್ತಾದ ಡ್ರೈವರ್‌ನ ಕೈಯಲ್ಲಿ ರಾತ್ರಿ ಹನ್ನೊಂದಕ್ಕೆ ಮಂಜು ಮುಸುಕಿದ ಘಾಟಿ ಹತ್ತಿಸುವವರು. ನೀರಲ್ಲಿ ಮೂರು ಗಂಟೆ ಆಡಿದ ಮೈಗೆ ನಿದ್ದೆ ಎಷ್ಟು ಜೋರಾಗಿ ಬರುತ್ತದೆ ಅಂತ ಗೊತ್ತಿದೆ ಅಲ್ವಾ? ಗಾಡಿ ಓಡಿಸುವವರು ನೀರಿಗೆ ಇಳಿಯಬಾರದು, ಮಧ್ಯಾಹ್ನ ಒಂದು ಗಂಟೆ ಮಲಗಬೇಕು. ನಮ್ಮ ಮನೆಯಲ್ಲಿ ಇದು ನಿಯಮ.

ಗಾಡಿಯಲ್ಲಿ ಯಾರಿದ್ದಾರೆ?

ಒಂದು ಚೀಟಿ ತೆಗೆದುಕೊಂಡು ಹೆಸರು ಬರೆಯಿರಿ. ಅಜ್ಜಿ, ಐದು ವರ್ಷದ ಮಗು, ಈಜು ಬರುವ ಹುಡುಗರು, ಬಸುರಿ ಹೆಂಗಸು. ಪ್ರತಿಯೊಬ್ಬರ ಮುಂದೆ ಅವರಿಗೆ ಬೇಕಾದ ಒಂದು ವಿಷಯ ಬರೆಯಿರಿ. ಅಜ್ಜಿಗೆ ಗಾಡಿ ನಿಲ್ಲುವ ಜಾಗದಿಂದ ದೂರ ನಡೆಯಲು ಆಗುವುದಿಲ್ಲ. ಹೆಂಗಸರಿಗೆ ಬಾಗಿಲು ಇರುವ ಟಾಯ್ಲೆಟ್, ಬಟ್ಟೆ ಬದಲಿಸುವ ಕೋಣೆ ಬೇಕು. ಮಗುವಿಗೆ ನೆರಳು ಬೇಕು. ಹುಡುಗರ ಮೇಲೆ ಕಣ್ಣಿಡಲು ಲೈಫ್‌ಗಾರ್ಡ್ ಬೇಕು.

ಈ ಚೀಟಿಯೇ ಅರ್ಧ ಬೀಚುಗಳನ್ನು ತೆಗೆದುಹಾಕುತ್ತದೆ. ಜನ ಇಲ್ಲದ ಬೀಚ್ ಚೆಂದ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಘಟ್ಟದಿಂದ ಇಳಿದು ಬಂದ ನಮಗೆ ಜನ ಇಲ್ಲದ ಬೀಚ್ ಅಂದರೆ ಸಹಾಯಕ್ಕೆ ಯಾರೂ ಇಲ್ಲದ ಬೀಚ್. ಮಕ್ಕಳು, ವಯಸ್ಸಾದವರು ಇದ್ದರೆ ಸ್ವಲ್ಪ ಗಲಾಟೆ ಇರುವ, ಸೌಕರ್ಯ ಇರುವ ಬೀಚೇ ಒಳ್ಳೆಯದು. ನನ್ನ ಈ ಮಾತಿಗೆ ನಮ್ಮ ಮನೆಯ ಹುಡುಗರು ಒಪ್ಪುವುದಿಲ್ಲ, ಆದರೂ ನಾನು ಬದಲಿಸುವುದಿಲ್ಲ.

ಇಲ್ಲಿ ಬ್ಲೂ ಫ್ಲ್ಯಾಗ್ ಬಗ್ಗೆ ಒಂದು ಮಾತು. ಡೆನ್ಮಾರ್ಕಿನ ಒಂದು ಸಂಸ್ಥೆ ಕೊಡುವ ಮಾನ್ಯತೆ ಇದು. ನೀರಿನ ಶುದ್ಧತೆ, ಸುರಕ್ಷತೆ, ಸೌಕರ್ಯ ಎಲ್ಲಾ ಸೇರಿ 33 ಅಂಶ ನೋಡಿ ಕೊಡುತ್ತಾರೆ, ಪ್ರತಿ ವರ್ಷ ಮತ್ತೆ ಪಡೆಯಬೇಕು. ಕರ್ನಾಟಕದಲ್ಲಿ 2020ರಲ್ಲಿ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಬೀಚುಗಳಿಗೆ ಇದು ಸಿಕ್ಕಿತು. ವಯಸ್ಸಾದವರನ್ನು, ನಡೆಯಲು ಕಷ್ಟ ಇರುವವರನ್ನು ಕರೆದುಕೊಂಡು ಹೋಗುವುದಾದರೆ ಪಡುಬಿದ್ರಿ ಯೋಚಿಸಿ. ಮಂಗಳೂರು ದಾಟಿ ಇನ್ನೂ 30 ಕಿಲೋಮೀಟರ್ ಹೋಗಬೇಕು, ಹಾಗಾಗಿ ಒಂದು ರಾತ್ರಿ ಉಳಿಯುವ ಲೆಕ್ಕದಲ್ಲೇ ಹೊರಡಿ.

ತಿಂಗಳು, ಹುಣ್ಣಿಮೆ, ಅಮಾವಾಸ್ಯೆ

ಡಿಸೆಂಬರ್‌ನಿಂದ ಫೆಬ್ರವರಿ ಕಡಲಿಗೆ ಅತಿ ಒಳ್ಳೆಯ ಕಾಲ. ನೀರು ತಿಳಿ, ಬಿಸಿಲು ಹದ. ನಮ್ಮ ಕಷ್ಟ ಏನೆಂದರೆ ಅದೇ ಕಾಫಿ ಕೊಯ್ಲಿನ ಕಾಲ. ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದ ವಾರ ಒಂದು ದಿನ ಬಿಡುವು ಮಾಡಿಕೊಂಡರೆ ಲಾಭ. ಮಾರ್ಚ್, ಏಪ್ರಿಲ್‌ನಲ್ಲಿ ಹೋದರೆ ಬೆಳಿಗ್ಗೆ ಹತ್ತರ ಒಳಗೆ ಅಥವಾ ಸಂಜೆ ನಾಲ್ಕರ ಮೇಲೆ ಮಾತ್ರ ಮರಳಿಗೆ ಇಳಿಯಿರಿ. ಮಡಿಕೇರಿಯ ತಂಪಿಗೆ ಒಗ್ಗಿದ ಮಕ್ಕಳ ಅಂಗಾಲು ಮಧ್ಯಾಹ್ನದ ಮರಳಿನಲ್ಲಿ ಸುಟ್ಟೇ ಹೋಗುತ್ತದೆ.

ಮೇ ತಿಂಗಳ ಬಗ್ಗೆ ಎಚ್ಚರ. ಗಾಳಿ ಇಲ್ಲ, ಮೋಡ ಇಲ್ಲ, ಆದರೂ ಕಡಲು ಇದ್ದಕ್ಕಿದ್ದಂತೆ ಉಕ್ಕಿ ಮರಳ ಮೇಲಿಟ್ಟ ಚಪ್ಪಲಿ, ಬ್ಯಾಗು ಎಲ್ಲಾ ತೆಗೆದುಕೊಂಡು ಹೋಗುವುದುಂಟು. ಕೇರಳದ ಮೀನುಗಾರರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಕಳ್ಳ ಕಡಲು, ನಮ್ಮ ಭಾಷೆಯಲ್ಲೂ ಅದೇ ಅರ್ಥ. ಸಾವಿರಾರು ಕಿಲೋಮೀಟರ್ ದೂರ, ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಎದ್ದ ಬಿರುಗಾಳಿಯ ಅಲೆ ಸುಮ್ನೆ ಉರುಳಿಕೊಂಡು ಇಲ್ಲಿಗೆ ಬರುವುದು ಇದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದರ ಮುನ್ಸೂಚನೆ ಕೊಡುತ್ತದೆ. ಹೊರಡುವ ಹಿಂದಿನ ದಿನ ದೊಡ್ಡ ಅಲೆಯ ಎಚ್ಚರಿಕೆ ಇದೆಯಾ ಅಂತ ಸುದ್ದಿಯಲ್ಲಿ ನೋಡಿ. ಇದ್ದರೆ ಪ್ರವಾಸ ಒಂದು ವಾರ ಮುಂದೆ ಹಾಕಿ.

ಇನ್ನು ಉಬ್ಬರ, ಇಳಿತ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಏರಿಕೆಗೂ ಇಳಿಕೆಗೂ ಮಧ್ಯೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ಪ್ರತಿ ದಿನ ಈ ಹೊತ್ತು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಏರಿಕೆಯೂ ಜಾಸ್ತಿ, ಇಳಿಕೆಯೂ ಜಾಸ್ತಿ. ಕ್ಯಾಲೆಂಡರ್ ನೋಡಿ ಪುತ್ತರಿ ಲೆಕ್ಕ ಹಾಕುವ ನಮಗೆ ಹುಣ್ಣಿಮೆ ಯಾವಾಗ ಅಂತ ಹೇಳಿಕೊಡಬೇಕಾಗಿಲ್ಲ. ಮೊಬೈಲಲ್ಲಿ ಉಬ್ಬರದ ಹೊತ್ತು ತೋರಿಸುವ ಆ್ಯಪ್‌ಗಳಿವೆ, ಒಂದನ್ನು ಹಾಕಿಕೊಳ್ಳಿ. ಕೇರಳದ ಕಡೆ ಸ್ಥಳೀಯರನ್ನು ಕೇಳುವುದಾದರೆ ವೇಲಿಯೇಟ್ಟಂ ಅಂದರೆ ಉಬ್ಬರ, ವೇಲಿಯಿರಕ್ಕಂ ಅಂದರೆ ಇಳಿತ.

ಈಗ ಬೀಚುಗಳು: ನನ್ನ ಲೆಕ್ಕದಲ್ಲಿ ಯಾವುದು ಯಾರಿಗೆ

ಮಂಗಳೂರಿನ ಕಡೆ ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಪಣಂಬೂರು. ನಗರದಿಂದ ಉತ್ತರಕ್ಕೆ ಸುಮಾರು 10 ಕಿಲೋಮೀಟರ್, ಹೊಸ ಬಂದರಿನ ಪಕ್ಕ. ಲೈಫ್‌ಗಾರ್ಡ್‌ಗಳಿದ್ದಾರೆ, ತಿನ್ನಲು ಸಿಗುತ್ತದೆ, ಗಾಡಿ ನಿಲ್ಲಿಸಲು ಜಾಗ ಇದೆ. ಬಂದರಿಗೆ ಬರಲು ಕಾಯುತ್ತಾ ದೂರದಲ್ಲಿ ನಿಂತ ದೊಡ್ಡ ಹಡಗುಗಳನ್ನು ನಮ್ಮ ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಭಾನುವಾರ ಮಾತ್ರ ಬೇಡ, ಜಾತ್ರೆ ಆಗಿರುತ್ತದೆ.

ತಣ್ಣೀರುಬಾವಿ ನನಗೆ ಇಷ್ಟ. ಒಂದು ಕಡೆ ಗುರುಪುರ ನದಿ, ಇನ್ನೊಂದು ಕಡೆ ಕಡಲು, ಮಧ್ಯೆ ಉದ್ದನೆಯ ಮರಳ ಪಟ್ಟಿ. ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ನದಿ ದಾಟಿ ಹೋಗಬಹುದು. ಮಕ್ಕಳಿಗೆ ಆ ದೋಣಿಯೇ ಅರ್ಧ ಪ್ರವಾಸ. ಮರಗಳಿರುವುದರಿಂದ ನೆರಳೂ ಸಿಗುತ್ತದೆ.

ಸೋಮೇಶ್ವರ, ಉಳ್ಳಾಲ ನಮಗೆ ಹತ್ತಿರ. ಮಂಗಳೂರು ಪೇಟೆಗೆ ಹೋಗದೆ ಮೆಲ್ಕಾರ್‌ನಲ್ಲಿ ತಿರುಗಿ ಮುಡಿಪು, ಕೊಣಾಜೆ, ದೇರಳಕಟ್ಟೆ ಮೇಲೆ ತೊಕ್ಕೊಟ್ಟಿಗೆ ಬಂದರೆ ಆಯಿತು. ದೇರಳಕಟ್ಟೆಯ ಆಸ್ಪತ್ರೆಗಳಿಗೆ ಅಂತ ಬರುವ ನಮ್ಮ ಕಡೆಯವರು ಎಷ್ಟೋ ಜನ. ರೋಗಿಯನ್ನು ನೋಡಲು ಬಂದು, ಮಧ್ಯೆ ಒಂದು ಗಂಟೆ ಸಮಯ ಸಿಕ್ಕಿದಾಗ ಸೋಮೇಶ್ವರಕ್ಕೆ ಹೋಗಿ ದೇವಸ್ಥಾನದಲ್ಲಿ ಕೈಮುಗಿದು ಬಂಡೆಯ ಹತ್ತಿರ ಕೂತು ಬಂದವರನ್ನು ನಾನು ಬಲ್ಲೆ. ಮನಸ್ಸಿಗೆ ತುಂಬಾ ಸಮಾಧಾನ ಕೊಡುವ ಜಾಗ. ಆದರೆ ಅದು ಕೂತು ನೋಡುವ ಕಡಲು, ಇಳಿಯುವ ಕಡಲು ಅಲ್ಲ. ಬಂಡೆ ಇದೆ, ಸೆಳೆತ ಜೋರು. ಉಳ್ಳಾಲದಲ್ಲಿ ಕಡಲ್ಕೊರೆತ ತಡೆಯಲು ಹಾಕಿದ ಕಲ್ಲುಗಳ ಮೇಲೂ ಹತ್ತಬೇಡಿ, ಪಾಚಿ ಜಾರುತ್ತದೆ.

ಸಸಿಹಿತ್ಲು ನೋಡಲು ಅದ್ಭುತ. ನಂದಿನಿ, ಶಾಂಭವಿ ಹೊಳೆಗಳು ಸೇರಿ ಕಡಲಿಗೆ ಬೀಳುವ ಅಳಿವೆ ಅಲ್ಲಿದೆ. 2016ರಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದದ್ದೂ ಅಲ್ಲೇ. ಸರ್ಫಿಂಗ್ ಮಾಡುವವರಿಗೆ ಒಳ್ಳೆಯ ಅಲೆ ಅಂದರೆ ಈಜುಗಾರನಿಗೆ ಅಪಾಯದ ಅಲೆ ಅಂತ ಅರ್ಥ. ಅಳಿವೆಯ ಬಾಯಲ್ಲಿ ಯಾವತ್ತೂ ಇಳಿಯಬೇಡಿ. ಇಳಿತದ ಹೊತ್ತಿಗೆ ಹೊಳೆಯ ನೀರೂ ಕಡಲಿನ ನೀರೂ ಒಟ್ಟಿಗೆ ಹೊರಗೆ ಓಡುತ್ತದೆ.

ಉಡುಪಿಯವರೆಗೆ ಹೋಗುವವರು ಮಲ್ಪೆಗೆ ಹೋಗುತ್ತಾರೆ. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು. ಮಳೆಗಾಲದಲ್ಲಿ ಬೋಟು ನಿಲ್ಲುತ್ತದೆ. ಎರಡು ದಿನ ಇದ್ದರೆ ಮಾತ್ರ ಇದು.

ಕಾಸರಗೋಡಿನ ಕಡೆಯ ಬೇಕಲಕ್ಕೆ ನಾನು ವಿಶೇಷ ಪ್ರೀತಿ ಇಟ್ಟುಕೊಂಡಿದ್ದೇನೆ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ, ಕೆಳಗೆ ಕಡಲು. 1956ರವರೆಗೆ ಅದು ದಕ್ಷಿಣ ಕನ್ನಡ ಜಿಲ್ಲೆಯೇ. ಇವತ್ತಿಗೂ ಕಾಸರಗೋಡಿನಲ್ಲಿ ಕನ್ನಡ ಮಾತಾಡಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ. ಅಜ್ಜ ಅಜ್ಜಿ ಇದ್ದರೆ, ಹುಡುಗರಿಗೆ ನೀರಿನ ಹುಚ್ಚು ಕಡಿಮೆ ಇದ್ದರೆ ಬೇಕಲ ಒಳ್ಳೆಯ ಆಯ್ಕೆ. ಕೋಟೆಯ ಗೋಡೆಯ ಮೇಲಿಂದ ಸಂಜೆಯ ಕಡಲು ನೋಡಬಹುದು, ಪಕ್ಕದ ಪಳ್ಳಿಕ್ಕರೆಯ ಬೀಚ್ ಪಾರ್ಕಿನಲ್ಲಿ ಮಕ್ಕಳು ಆಡಬಹುದು.

ಕಣ್ಣೂರಿನಲ್ಲಿ ಪಯ್ಯಂಬಲಂ ಪೇಟೆಗೆ ಅಂಟಿಕೊಂಡೇ ಇದೆ. ಉದ್ದವಾದ ಮರಳು, ನಡೆಯಲು ದಾರಿ, ಪಾರ್ಕ್. ಎ.ಕೆ. ಗೋಪಾಲನ್, ನಾಯನಾರ್ ಅವರಂಥ ನಾಯಕರ ಸಮಾಧಿಗಳೂ ಆ ತೀರದಲ್ಲೇ ಇವೆ. ಹತ್ತಿರದಲ್ಲೇ ಪೋರ್ಚುಗೀಸರು 1505ರಲ್ಲಿ ಕಟ್ಟಿದ ಸಂತ ಏಂಜಲೊ ಕೋಟೆ. ಒಂದೇ ದಿನದಲ್ಲಿ ಎರಡೂ ಆಗುತ್ತದೆ.

ಇನ್ನು ಮುಳಪ್ಪಿಲಂಗಾಡು. ಕಣ್ಣೂರಿಗೂ ತಲಶ್ಶೇರಿಗೂ ಮಧ್ಯೆ ಸುಮಾರು 4 ಕಿಲೋಮೀಟರ್ ಉದ್ದ, ಗಟ್ಟಿ ಮರಳಿನ ಮೇಲೆ ಗಾಡಿ ಓಡಿಸಬಹುದಾದ ಬೀಚ್. ನಮ್ಮ ಜೀಪಿನ ಹುಡುಗರಿಗೆ ಇದರ ಹೆಸರು ಹೇಳಿದರೆ ಸಾಕು. ಇಲ್ಲಿ ನನ್ನ ಒಂದು ಅನುಭವ ಹೇಳಲೇಬೇಕು.

ನಾವು ಬುತ್ತಿ ಬಿಚ್ಚಿ ಊಟಕ್ಕೆ ಕೂತೆವು. ಜೀಪು ನೀರಿನಿಂದ ಇಪ್ಪತ್ತು ಹೆಜ್ಜೆ ದೂರ ಇತ್ತು. ತೋಟದ ಕೆಸರಲ್ಲಿ, ಮಳೆಗಾಲದ ಗುಡ್ಡದಲ್ಲಿ ಓಡಿದ ಫೋರ್ ವೀಲ್ ಗಾಡಿ, ನಮಗೆ ಏನು ಭಯ? ಅಕ್ಕಿ ರೊಟ್ಟಿ ಮುಗಿಯುವ ಹೊತ್ತಿಗೆ ಒಂದು ಅಲೆ ಬಂದು ಚಕ್ರ ಮುಟ್ಟಿ ಹೋಯಿತು. ಇನ್ನೊಂದು ಅಲೆ ಚಕ್ರದ ಸುತ್ತ ಮರಳು ಕೊರೆಯಿತು. ಗಾಡಿ ಸ್ಟಾರ್ಟ್ ಮಾಡಿ ಹೊರಡಿಸಿದರೆ ಚಕ್ರ ನಿಂತಲ್ಲೇ ತಿರುಗಿತು, ತಿರುಗಿದಷ್ಟೂ ಹೂತಿತು. ಕೆಸರು ಅಂದರೆ ಕೆಳಗೆ ಎಲ್ಲೋ ಗಟ್ಟಿ ನೆಲ ಸಿಗುತ್ತದೆ. ಇಲ್ಲಿ ಪ್ರತಿ ಅಲೆಯೂ ಗಟ್ಟಿ ನೆಲವನ್ನೇ ತೆಗೆದುಕೊಂಡು ಹೋಗುತ್ತಿತ್ತು. ಮೀನಿನ ಬಲೆ ಸರಿಮಾಡುತ್ತಿದ್ದ ಊರಿನ ಹುಡುಗರು ಹಗ್ಗ ತಂದು, ಟಯರಿನ ಗಾಳಿ ಇಳಿಸಿ, ತೆಂಗಿನ ಗರಿ ಅಡಿಗೆ ಹಾಕಿ ಎಳೆದುಕೊಟ್ಟರು. ಆ ಋಣ ನಾನು ಮರೆಯುವುದಿಲ್ಲ.

ಹಾಗಾಗಿ ಅಲ್ಲಿಗೆ ಹೋಗುವವರಿಗೆ ನಾಲ್ಕು ಮಾತು. ಇಳಿತ ಶುರುವಾದ ಮೇಲೆ ಗಾಡಿ ಇಳಿಸಿ, ಏರುವ ನೀರಿನ ಹೊತ್ತಿಗೆ ಅಲ್ಲ. ಗಾಡಿ ಓಡಿಸಿ, ಆದರೆ ಒದ್ದೆ ಮರಳಲ್ಲಿ ನಿಲ್ಲಿಸಬೇಡಿ. ಮಳೆಗಾಲದಲ್ಲಿ, ಕೆಲಸ ನಡೆಯುವಾಗ ಗಾಡಿ ಬಿಡುವುದಿಲ್ಲ, ಗೇಟಿನಲ್ಲಿ ಕೇಳಿ. ಮತ್ತು ವಾಪಸ್ ಬಂದ ದಿನವೇ ಗಾಡಿಯ ಅಡಿಭಾಗ ಸಿಹಿನೀರಲ್ಲಿ ತೊಳೆಸಿ, ಉಪ್ಪು ತಗಡನ್ನು ತಿನ್ನುತ್ತದೆ.

ಬೀಚ್ ತಲುಪಿದ ಮೇಲೆ: ಹತ್ತು ನಿಮಿಷ ಸುಮ್ನೆ ನಿಲ್ಲಿ

ಈ ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಬೀಚ್ ಆರಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಆ ಬೀಚಿನಲ್ಲಿ ಎಲ್ಲಿ ಇಳಿಯಬೇಕು ಅಂತ ಆರಿಸಬೇಕು. ನಾವು ಹೊಳೆಯವರು. ಬೇತ್ರಿಯ ಹತ್ತಿರ, ಬಲಮುರಿಯ ಹತ್ತಿರ ಕಾವೇರಿಯಲ್ಲಿ ಈಜು ಕಲಿತವರು. ಹೊಳೆಯಲ್ಲಿ ನೀರು ನೊರೆ ಎಬ್ಬಿಸಿ ಓಡುವ ಜಾಗ ಅಪಾಯ, ಸುಮ್ಮನಿರುವ ಜಾಗ ವಾಸಿ ಅಂತ ನಮ್ಮ ಕಣ್ಣಿಗೆ ಅಭ್ಯಾಸ. ಕಡಲಲ್ಲಿ ಇದು ತಲೆಕೆಳಗು.

ಅಲೆಗಳು ನೀರನ್ನು ದಡಕ್ಕೆ ತಳ್ಳುತ್ತಲೇ ಇರುತ್ತವೆ. ಬಂದ ನೀರು ವಾಪಸ್ ಹೋಗಬೇಕಲ್ಲ? ಮರಳ ದಿಬ್ಬದಲ್ಲಿ ಎಲ್ಲಿ ತಗ್ಗು ಇದೆಯೋ ಅಲ್ಲಿ ಒಂದು ಕಾಲುವೆಯ ಹಾಗೆ ಕೊರೆದುಕೊಂಡು ಜೋರಾಗಿ ಹೊರಗೆ ಓಡುತ್ತದೆ. ಆ ಕಾಲುವೆ ಆಳ ಇರುವುದರಿಂದ ಅದರ ಮೇಲೆ ಅಲೆ ಒಡೆಯುವುದಿಲ್ಲ. ಎಡಕ್ಕೂ ಬಲಕ್ಕೂ ಬಿಳಿ ನೊರೆ, ಮಧ್ಯೆ ಒಂದು ಗದ್ದೆಯ ಬದುವಿನಷ್ಟೋ ಒಂದು ಅಂಗಳದಷ್ಟೋ ಅಗಲಕ್ಕೆ ನೀರು ಕಪ್ಪಾಗಿ, ಸಮಾಧಾನವಾಗಿ ಕಾಣುತ್ತದೆ. ಘಟ್ಟದಿಂದ ಬಂದವರು ಮಕ್ಕಳ ಕೈ ಹಿಡಿದು ಸೀದಾ ಅಲ್ಲಿಗೇ ಇಳಿಯುತ್ತಾರೆ, ಅಲೆ ಇಲ್ಲ ಅಂತ.

ನಮ್ಮ ಚಿಕ್ಕಪ್ಪ ಹಾಗೇ ಇಳಿದರು. ತುಂಬಿದ ಕಾವೇರಿಯನ್ನು ಅಡ್ಡ ಈಜುತ್ತಿದ್ದ ಮನುಷ್ಯ. ಸೊಂಟದ ನೀರಲ್ಲಿದ್ದವರು ಎರಡು ನಿಮಿಷದಲ್ಲಿ ನಮಗೆ ತಲೆ ಮಾತ್ರ ಕಾಣುವಷ್ಟು ದೂರ ಹೋಗಿದ್ದರು. ದಡದ ಕಡೆಗೆ ಕೈ ಬೀಸಿ ಬೀಸಿ ಈಜುತ್ತಿದ್ದರು, ಇದ್ದಲ್ಲೇ ಇದ್ದರು. ಲೈಫ್‌ಗಾರ್ಡ್ ಶಿಳ್ಳೆ ಹೊಡೆದು, ಕೈಯಲ್ಲಿ ಪಕ್ಕಕ್ಕೆ, ಪಕ್ಕಕ್ಕೆ ಅಂತ ತೋರಿಸಿದ. ಅವರು ಪಕ್ಕಕ್ಕೆ ತಿರುಗಿ ಸ್ವಲ್ಪ ದೂರ ಈಜಿದ ಮೇಲೆ ಒಂದು ಅಲೆ ಅವರನ್ನು ಎತ್ತಿ ತಂದು ಹಾಕಿತು. ಮರಳ ಮೇಲೆ ಕೂತಾಗ ಅವರ ಬೆರಳು ನಡುಗುತ್ತಿದ್ದವು. "ಹೊಳೆ ಎತ್ತ ಎಳೆಯುತ್ತೆ ಅಂತ ಗೊತ್ತಿರುತ್ತೆ ಮಾರಾಯ. ಇದು ಎಳೀತಾ ಇದೆ ಅಂತಾನೇ ಗೊತ್ತಾಗ್ಲಿಲ್ಲ" ಅಂದರು.

ಅಂದಿನಿಂದ ನಾನು ಮಾಡುವುದು ಹೀಗೆ. ಗಾಡಿ ನಿಲ್ಲಿಸಿ, ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ಹತ್ತು ನಿಮಿಷ ನೀರು ನೋಡುತ್ತೇನೆ. ಮಕ್ಕಳು ಕೈ ಎಳೆದರೂ ಬಿಡುವುದಿಲ್ಲ. ಅಲೆ ಎಲ್ಲಿ ಸಮವಾಗಿ ಒಡೆಯುತ್ತಿದೆ, ಎಲ್ಲಿ ಸಾಲು ತುಂಡಾಗಿದೆ? ನೊರೆ, ಕಸ, ಕೆಂಪು ಮರಳಿನ ನೀರು ಎಲ್ಲಾದರೂ ಹೊರಗೆ ಹೋಗುತ್ತಿದೆಯಾ? ಅನುಮಾನ ಬಂದರೆ ಒಂದು ತೆಂಗಿನ ಸಿಪ್ಪೆ ಎಸೆಯುತ್ತೇನೆ. ಅದು ದಡಕ್ಕೆ ಬಂದರೆ ಸರಿ, ಹೊರಗೆ ತೇಲಿ ಹೋದರೆ ಅಲ್ಲಿ ಯಾರನ್ನೂ ಇಳಿಸುವುದಿಲ್ಲ. ಆಮೇಲೆ ಲೈಫ್‌ಗಾರ್ಡ್ ಹತ್ತಿರ ಹೋಗಿ, ಇವತ್ತು ಎಲ್ಲಿ ಇಳಿಯಬಹುದು ಅಂತ ಕೇಳುತ್ತೇನೆ. ಆ ಸೆಳೆತದ ಜಾಗ ದಿನದಿನಕ್ಕೆ ಬದಲಾಗುತ್ತದೆ, ಹೋದ ವರ್ಷ ವಾಸಿ ಇದ್ದ ಜಾಗ ಈ ವರ್ಷವೂ ವಾಸಿ ಅಂತ ಇಲ್ಲ. ಕೆಂಪು ಬಾವುಟ ಇದ್ದರೆ ಪಾದ ಒದ್ದೆ ಮಾಡಿಕೊಂಡು ವಾಪಸ್ ಬರುವುದು, ಅಷ್ಟೇ.

ಸಿಕ್ಕಿಹಾಕಿಕೊಂಡರೆ ದಡದ ಕಡೆಗೆ ಹೋರಾಡಬೇಡಿ. ಆ ಸೆಳೆತ ಕೆಳಗೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಸುಸ್ತಾದವರು ಮುಳುಗುತ್ತಾರೆ. ಮಲಗಿ ತೇಲಿ, ಒಂದು ಕೈ ಎತ್ತಿ ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ, ಎಡಕ್ಕೋ ಬಲಕ್ಕೋ ಈಜಿ. ಬಿಳಿ ನೊರೆ ಇರುವ ಕಡೆ ಸೇರಿದ ಮೇಲೆ ಅಲೆಯ ಜೊತೆ ಬನ್ನಿ. ದಡದಲ್ಲಿ ಇರುವವರು ಹಿಂದೆ ಹಾರಬೇಡಿ. ಒಬ್ಬರ ಹಿಂದೆ ಒಬ್ಬರು ಹಾರಿ ಒಂದೇ ಮನೆಯ ಇಬ್ಬರು ಮೂವರು ಹೋದದ್ದನ್ನು ಪೇಪರಿನಲ್ಲಿ ಓದಿಲ್ಲವೇ? ಮುಚ್ಚಳ ಹಾಕಿದ ಖಾಲಿ ಕ್ಯಾನ್, ಟಯರ್ ಟ್ಯೂಬ್, ಹಗ್ಗ, ಏನಾದರೂ ತೇಲುವುದನ್ನು ಎಸೆಯಿರಿ. ಲೈಫ್‌ಗಾರ್ಡನ್ನು ಕೂಗಿ, 112ಕ್ಕೆ ಕರೆ ಮಾಡಿ. ನಾನು ಜೀಪಿನಲ್ಲಿ 20 ಮಾರು ನೈಲಾನ್ ಹಗ್ಗ ಮತ್ತು ಎರಡು ಖಾಲಿ ಕ್ಯಾನ್ ಯಾವಾಗಲೂ ಇಡುತ್ತೇನೆ.

ಮಕ್ಕಳಿಗೆ ಮೊಣಕಾಲು ನೀರು, ಅದಕ್ಕಿಂತ ಜಾಸ್ತಿ ಇಲ್ಲ. ದೊಡ್ಡವರೊಬ್ಬರು ಮಕ್ಕಳಿಗಿಂತ ಕಡಲ ಕಡೆಗೆ ನಿಲ್ಲಬೇಕು, ಮೊಬೈಲ್ ಇಲ್ಲದೆ. ಕಾಟನ್ ಸೀರೆ, ಜೀನ್ಸ್ ಹಾಕಿ ನೀರಿಗೆ ಇಳಿಯಬೇಡಿ, ಒದ್ದೆಯಾದರೆ ಕಾಲು ಕಟ್ಟಿಹಾಕುತ್ತದೆ. ಕುಡಿದವರು ಮರಳಲ್ಲೇ ಕೂರಲಿ. ನಮ್ಮ ಕಡೆಯ ಪ್ರವಾಸಗಳಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೊರಡುವ ಮೊದಲೇ ಹೇಳಿಬಿಡಿ.

ಹೊರಡುವ ಹಿಂದಿನ ರಾತ್ರಿ

ಘಾಟಿ ತೆರೆದಿದೆಯಾ, ಕೇರಳದ ಕಡೆ ಹೋಗುವುದಾದರೆ ಹರತಾಳ ಇದೆಯಾ, ಉಬ್ಬರ ಎಷ್ಟು ಹೊತ್ತಿಗೆ, ಅಲೆಯ ಎಚ್ಚರಿಕೆ ಇದೆಯಾ, ನೋಡಿಕೊಳ್ಳಿ. ಎರಡನೇ ಆಯ್ಕೆ ಒಂದನ್ನು ಅದೇ ದಾರಿಯಲ್ಲಿ ಇಟ್ಟುಕೊಳ್ಳಿ. ಪಣಂಬೂರಿನಲ್ಲಿ ಜನ ಜಾಸ್ತಿ ಇದ್ದರೆ ತಣ್ಣೀರುಬಾವಿ, ಮುಳಪ್ಪಿಲಂಗಾಡಿನಲ್ಲಿ ಗಾಡಿ ಬಿಡದಿದ್ದರೆ ಪಯ್ಯಂಬಲಂ. ಎರಡನೇ ಆಯ್ಕೆ ಇದ್ದವರು ಜಗಳ ಆಡುವುದಿಲ್ಲ, ಕೆಂಪು ಬಾವುಟ ಕಂಡಾಗ ಹಟ ಹಿಡಿಯುವುದೂ ಇಲ್ಲ.

ಸಾಮಾನಿನಲ್ಲಿ ಒಂದು ಕ್ಯಾನ್ ಸಿಹಿನೀರು ಹೆಚ್ಚಿಗೆ ಇರಲಿ, ಕಾಲಿನ ಮರಳು ತೊಳೆಯಲು. ಹಳೆಯ ಬೆಡ್‌ಶೀಟ್, ನಿಂಬೆಹಣ್ಣು, ವಾಂತಿಗೆ ಕವರ್. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗಿಂತ ಮೇಲಿದೆ. ಅಷ್ಟನ್ನೂ ಒಂದೇ ಬೆಳಿಗ್ಗೆ ಇಳಿಯುವಾಗ ಕಿವಿ ಕಟ್ಟುತ್ತದೆ, ಮಕ್ಕಳಿಗೆ ಹೊಟ್ಟೆ ತೊಳೆಸುತ್ತದೆ. ಹೊಟ್ಟೆ ತುಂಬಾ ತಿನ್ನಿಸದೆ ಹೊರಟು ಸುಳ್ಯದಲ್ಲೋ ಇರಿಟ್ಟಿಯಲ್ಲೋ ತಿಂಡಿ ಕೊಡಿಸಿ.

ಮೀನು ತರುವುದಿದ್ದರೆ ಥರ್ಮೋಕೋಲ್ ಡಬ್ಬ ಮನೆಯಿಂದಲೇ ಇರಲಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಉಳಿದ ಕಾಲದಲ್ಲಿ ಬಂಗುಡೆ, ಮತ್ತಿ ಹೊರಡುವ ಹೊತ್ತಿಗೆ ಕೊನೆಯದಾಗಿ ಕೊಳ್ಳಿ, ಮೀನಿನಷ್ಟೇ ಐಸ್ ಹಾಕಿಸಿ, ಡಬ್ಬದ ಮುಚ್ಚಳಕ್ಕೆ ಟೇಪ್ ಸುತ್ತಿ. ಘಾಟಿಯ ತಿರುವಿನಲ್ಲಿ ಆ ನೀರು ಸೀಟಿನ ಕೆಳಗೆ ಚೆಲ್ಲಿದರೆ ಮುಂದಿನ ಪುತ್ತರಿವರೆಗೂ ಗಾಡಿಯಿಂದ ವಾಸನೆ ಹೋಗುವುದಿಲ್ಲ.